ಒಬ್ಬೊಬ್ಬರಿಗೊಂದು ಬಟ್ಟಲು ಸಿಹಿ: ಹುತ್ತರಿಗೆ ಯಾವುದು, ರಜೆಗೆ ಯಾವುದು?

ಓದುಗರ ಪ್ರಶ್ನೆ: ನಾವು ಗೋಣಿಕೊಪ್ಪಲಿನ ಸಮೀಪದವರು. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಗೆ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, 22 ಜನ ಸೇರುತ್ತೇವೆ. ಕ್ರಿಸ್‌ಮಸ್ ರಜೆಗೆ ಮೈಸೂರಿನ ನಾದಿನಿ ಮತ್ತು ಬೆಂಗಳೂರಿನ ತಮ್ಮ ಸಂಸಾರ ಸಮೇತ ನಮ್ಮಲ್ಲಿಗೆ ಬರುತ್ತಾರೆ. ಅಂಗಡಿಯ ಸಿಹಿ ಡಬ್ಬಿಯ ಬದಲು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮನೆಯಲ್ಲೇ ಮಾಡಿದ ಸಿಹಿಯನ್ನು ಉಡುಗೊರೆಯಾಗಿ ಕೊಡಬೇಕೆಂಬುದು ನನ್ನ ಆಸೆ. ಕಳೆದ ಹುತ್ತರಿಗೆ ಗಾಜಿನ ಬಟ್ಟಲುಗಳಲ್ಲಿ ಕ್ಯಾರಮೆಲ್ ಕಸ್ಟರ್ಡ್ ಮಾಡಿ ಒಯ್ದಿದ್ದೆ. ಅರ್ಧದಷ್ಟು ನೀರು ಬಿಟ್ಟುಕೊಂಡಿದ್ದವು, ಎರಡು ಹುಳಿ ವಾಸನೆ ಬರುತ್ತಿದ್ದವು. ಅತ್ತೆಯವರಿಗೆ ಸಕ್ಕರೆ ಕಾಯಿಲೆಯೂ ಇದೆ. ಈ ವರ್ಷ ಏನು ಮಾಡಲಿ?

ಉತ್ತರ: ನಿಮ್ಮ ಕಸ್ಟರ್ಡ್ ಕೆಟ್ಟದ್ದು ನಿಮ್ಮ ಕೈಗುಣದಿಂದಲ್ಲ. ಆ ಸಿಹಿಯನ್ನು ಅದಕ್ಕೆ ಹೊಂದದ ದಿನಕ್ಕೆ ಆರಿಸಿಕೊಂಡಿರಿ, ತೊಂದರೆ ಆದದ್ದು ಅಲ್ಲಿ. ಉಡುಗೊರೆಯ ಸಿಹಿಯನ್ನು ಆರಿಸುವಾಗ ನಾವು ಸಾಮಾನ್ಯವಾಗಿ ಮೊದಲು ಅದರ ಚೆಂದವನ್ನು, ಆಮೇಲೆ ರುಚಿಯನ್ನು ನೋಡುತ್ತೇವೆ; ಅದು ಒಲೆಯಿಂದ ಇಳಿದ ಹೊತ್ತಿಗೂ ತಿನ್ನುವವರ ಬಾಯಿ ಸೇರುವ ಹೊತ್ತಿಗೂ ನಡುವೆ ಎಷ್ಟು ಗಂಟೆ ಕಳೆಯುತ್ತದೆ, ಆ ಗಂಟೆಗಳನ್ನು ಅದು ಎಲ್ಲಿ ಕಳೆಯುತ್ತದೆ ಎಂಬುದನ್ನು ಲೆಕ್ಕ ಹಾಕುವುದೇ ಇಲ್ಲ. ನನ್ನ ಸಲಹೆಯೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಹುತ್ತರಿಯ ರಾತ್ರಿಯನ್ನೇ ತೆಗೆದುಕೊಳ್ಳಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿದ ಮುಹೂರ್ತದಂತೆ ನೆರೆ (ಶುಭದ ಎಲೆಗಳ ಕಟ್ಟು) ಕಟ್ಟಿ, ಗದ್ದೆಗಿಳಿದು, ಭತ್ತದ ಕದಿರು ತೆಗೆದು, ‘ಪೊಲಿ ಪೊಲಿ ದೇವಾ’ ಎನ್ನುತ್ತ ಮನೆಗೆ ತರುವ ಹೊತ್ತಿಗೆ ರಾತ್ರಿ ಬಹಳವಾಗಿರುತ್ತದೆ, ಊಟ ಅದಕ್ಕೂ ಆಮೇಲೆ. ನೀವು ಸಂಜೆ ಐದಕ್ಕೆ ಹೊರಟು ಬಟ್ಟಲುಗಳನ್ನು ಐನ್‌ಮನೆಯ ಮೇಜಿನ ಮೇಲೆ ಇಟ್ಟಿದ್ದರೆ, ಹಾಲು ಮತ್ತು ಮೊಟ್ಟೆಯ ಆ ಪದಾರ್ಥ ಐದಾರು ಗಂಟೆ ಹೊರಗೇ ಇದ್ದಂತಾಯಿತು. ಇಂಥ ಪದಾರ್ಥಗಳು 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವ ಹೊತ್ತು ಒಟ್ಟು ಎರಡು ಗಂಟೆ ಮೀರಬಾರದು. ಡಿಸೆಂಬರಿನ ಚಳಿ ಇದೆಯಲ್ಲ ಎಂದು ನೀವು ಕೇಳಬಹುದು. ಹೊರಗೆ ಚಳಿ ಇದ್ದೀತು, ಆದರೆ ಇಪ್ಪತ್ತು ಮೂವತ್ತು ಜನ ಓಡಾಡುವ, ಒಲೆ ಉರಿಯುತ್ತಿರುವ ಹಬ್ಬದ ಮನೆಯೊಳಗೆ ಅದು ಇರುವುದಿಲ್ಲ.

ಆದ್ದರಿಂದ ಕಸ್ಟರ್ಡನ್ನು ಹುತ್ತರಿಯಿಂದ ತೆಗೆದು ಕ್ರಿಸ್‌ಮಸ್ ರಜೆಗೆ ಇಟ್ಟುಕೊಳ್ಳಿ. ಆಗ ನೆಂಟರು ನಿಮ್ಮ ಮನೆಗೇ ಬರುತ್ತಾರೆ, ಬಟ್ಟಲು ಫ್ರಿಜ್‌ನಿಂದ ನೇರವಾಗಿ ಅವರ ಕೈಗೆ ಹೋಗುತ್ತದೆ. ನೀರು ಬಿಡುವುದಕ್ಕೆ ಮಾತ್ರ ಕಾರಣ ಬೇರೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಸ್ಟರ್ಡ್ ಗಟ್ಟಿಯಾಗುವುದು ಮೊಟ್ಟೆಯ ಪ್ರೋಟೀನು ಬಿಸಿಗೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಂಡು, ಆ ಹೆಣಿಗೆಯಲ್ಲಿ ಹಾಲಿನ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ. ಹಾಲು ಸಕ್ಕರೆ ಬೆರೆತ ಮಿಶ್ರಣದಲ್ಲಿ ಈ ಕೆಲಸ ಸುಮಾರು 80ರಿಂದ 85 ಡಿಗ್ರಿಯೊಳಗೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಕಾಯಿಸಿದರೆ ಹೆಣಿಗೆ ಬಿಗಿಯುತ್ತ ಹೋಗಿ, ಹಿಡಿದುಕೊಂಡಿದ್ದ ನೀರನ್ನು ತಾನೇ ಹಿಂಡಿ ಹೊರಗೆ ಹಾಕುತ್ತದೆ. ಇಡ್ಲಿ ಪಾತ್ರೆಯಲ್ಲಿ ದೊಡ್ಡ ಉರಿಯಿಟ್ಟು ಕುದಿಸಿದ ಕಸ್ಟರ್ಡಿನ ಒಳಗೆ ಸಣ್ಣ ಸಣ್ಣ ತೂತುಗಳು ಕಾಣಿಸಿದರೆ, ಮರುದಿನ ಅದು ನೀರು ಬಿಡುವುದು ಖಂಡಿತ ಎಂದು ತಿಳಿಯಿರಿ. ಬಟ್ಟಲು ಚಿಕ್ಕದಾದಷ್ಟೂ ಬಿಸಿ ಬೇಗ ಒಳಗಿಳಿಯುವುದರಿಂದ, ದೊಡ್ಡ ಪಾತ್ರೆಯ ಸಮಯವನ್ನೇ ಚಿಕ್ಕ ಬಟ್ಟಲಿಗೂ ಇಟ್ಟರೆ ಅಳತೆ ತಪ್ಪುತ್ತದೆ. ನಿಮ್ಮಲ್ಲಿ ಆದದ್ದು ಬಹುಶಃ ಇದೇ.

ನಾನು ಮಾಡುವ ಅಳತೆ ಹೀಗಿದೆ: ಅರ್ಧ ಲೀಟರ್ ಹಾಲು, 4 ಮೊಟ್ಟೆ, 90 ಗ್ರಾಂ ಸಕ್ಕರೆ, ಇದರಿಂದ ಸುಮಾರು 120 ಮಿಲಿಲೀಟರಿನ ಆರು ಬಟ್ಟಲುಗಳಾಗುತ್ತವೆ. ಕ್ಯಾರಮೆಲ್‌ಗೆ ಬೇರೆಯಾಗಿ 100 ಗ್ರಾಂ ಸಕ್ಕರೆಯನ್ನು ಎರಡು ದೊಡ್ಡ ಚಮಚ ನೀರಿನೊಂದಿಗೆ ಕಾಯಿಸಿ, ಜೇನಿನ ಬಣ್ಣ ದಾಟಿ ಕಡು ಕಂದು ಬರುತ್ತಿರುವಾಗಲೇ ಇಳಿಸಿ ಬಟ್ಟಲುಗಳಿಗೆ ಹಂಚಬೇಕು. ಗಾಜಿನ ಬಟ್ಟಲಾದರೆ ಅದನ್ನು ಮೊದಲು ಬಿಸಿನೀರಿನಲ್ಲಿ ಇಟ್ಟು, ಒರೆಸಿ, ಆಮೇಲೆ ಪಾಕ ಹುಯ್ಯಿರಿ. ಸಾಮಾನ್ಯ ಗಾಜು ತಣ್ಣಗಿರುವಾಗ 160 ಡಿಗ್ರಿ ದಾಟಿದ ಪಾಕ ಬಿದ್ದರೆ ಸೀಳುತ್ತದೆ. ಈ ಕಾರಣಕ್ಕೆ ನಾನು ಗಾಜಿಗಿಂತ ಚಿಕ್ಕ ಸ್ಟೀಲ್ ಲೋಟವನ್ನೇ ಮೆಚ್ಚುತ್ತೇನೆ, ನೋಟಕ್ಕೆ ಅದು ಬಡವಾದರೂ ಚಿಂತೆಯಿಲ್ಲ.

ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಬೆಚ್ಚಗಾಗಲು ಬಿಟ್ಟು, ನೊರೆ ಏಳದಂತೆ ಮೊಟ್ಟೆ ಸಕ್ಕರೆಯೊಂದಿಗೆ ಕಲಸಿ, ಎರಡು ಬಾರಿ ಸೋಸಿ. ಬಟ್ಟಲುಗಳಿಗೆ ಹುಯ್ದ ಮೇಲೆ ಒಂದೊಂದಕ್ಕೂ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಇಲ್ಲದಿದ್ದರೆ ಮುಚ್ಚಳದಿಂದ ತೊಟ್ಟಿಕ್ಕುವ ಹಬೆನೀರು ಮೇಲ್ಮೈಯನ್ನು ಹಾಳುಮಾಡುತ್ತದೆ. ಇಡ್ಲಿ ಪಾತ್ರೆಯ ತಳಕ್ಕೆ ಬಟ್ಟೆಯೊಂದನ್ನು ಮಡಿಸಿ ಹಾಸಿ, ನೀರು ಕುದಿ ಬಂದೊಡನೆ ಉರಿಯನ್ನು ತೀರ ಸಣ್ಣಗೆ ಮಾಡಿ, ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿ ಇಡಿ. ಇಪ್ಪತ್ತು ನಿಮಿಷಕ್ಕೆ ಒಂದನ್ನು ತೆಗೆದು ಅಲ್ಲಾಡಿಸಿ ನೋಡಿ: ಅಂಚು ನಿಂತಿರಬೇಕು, ನಡುಭಾಗ ಮಾತ್ರ ಚೆನ್ನಾಗಿ ಹೆಪ್ಪುಗಟ್ಟಿದ ಮೊಸರಿನಂತೆ ನಡುಗಬೇಕು. ನಡುಕ ನಿಲ್ಲುವವರೆಗೆ ಕಾದರೆ ತಡವಾಯಿತು; ಉಳಿದದ್ದನ್ನು ಬಟ್ಟಲಿನೊಳಗಿನ ಬಿಸಿಯೇ ಮುಗಿಸುತ್ತದೆ. ಬಿಸಿ ಆರಿದ ಕೂಡಲೇ ಫ್ರಿಜ್‌ಗೆ ಇಡಿ, ಒಂದು ರಾತ್ರಿ ಕಳೆದರೆ ಕ್ಯಾರಮೆಲ್ ತಾನೇ ಕರಗಿ ರಸವಾಗುತ್ತದೆ. ಮೂರು ದಿನದೊಳಗೆ ತಿಂದು ಮುಗಿಸಬೇಕು. ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಗಂಟೆಗಟ್ಟಲೆ ಬರದಿರುವುದುಂಟು. ಅಂಥ ಹೊತ್ತಿನಲ್ಲಿ ಫ್ರಿಜ್ ಬಾಗಿಲು ತೆರೆಯದೆ ಇಟ್ಟರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಅದಕ್ಕೂ ಮೀರಿದರೆ ಕಸ್ಟರ್ಡನ್ನು ಯಾರಿಗೂ ಕೊಡಬೇಡಿ.

ಇದೇ ಅಳತೆಗೆ ಕಾಫಿಯ ಪರಿಮಳ ಕೊಡುವುದು ಸುಲಭ. 2 ದೊಡ್ಡ ಚಮಚ ಅರೇಬಿಕಾ ಪುಡಿಯನ್ನು ಬಿಸಿ ಹಾಲಿನಲ್ಲಿ ಐದು ನಿಮಿಷ ನೆನೆಸಿ, ಬಟ್ಟೆಯಲ್ಲಿ ಸೋಸಿದರೆ ಸಾಕು. ರೊಬಸ್ಟಾ ಆದರೆ ಅದರ ಕಹಿ ಕ್ಯಾರಮೆಲಿನ ಕಹಿಯೊಂದಿಗೆ ಸೇರಿ ಒಗರಾಗುತ್ತದೆ, ಆದ್ದರಿಂದ ಪುಡಿಯನ್ನು ಅರ್ಧಕ್ಕೆ ಇಳಿಸಿ. ಚಿಕೋರಿ ಬೆರೆಸಿದ ಪುಡಿ ಬೇಡ. ಮಕ್ಕಳಿಗೆಂದು ಎರಡು ಬಟ್ಟಲುಗಳನ್ನು ಕಾಫಿಯಿಲ್ಲದೆ, ಬರಿಯ ಏಲಕ್ಕಿ ಹಾಕಿ ಮಾಡಿ.

ಕಿತ್ತಳೆಯ ವಿಷಯವನ್ನು ನೀವು ಕೇಳಿಲ್ಲ, ಆದರೂ ರಜೆಯ ಹೊತ್ತಿಗೆ ಕೊಡಗಿನ ಕಿತ್ತಳೆ ಕೈಗೆ ಸಿಗುವುದರಿಂದ ಅದನ್ನು ಬಟ್ಟಲಿಗೆ ಹಾಕುವ ಯೋಚನೆ ಬಂದೇ ಬರುತ್ತದೆ. ಬಿಸಿ ಹಾಲಿಗೆ ಅದರ ರಸ ಬಿದ್ದರೆ ಹಾಲು ಒಡೆಯುತ್ತದೆ. ಬೀಜವನ್ನೂ ಬಿಳಿ ನಾರನ್ನೂ ಸೇರಿಸಿ ಹಿಂಡಿದ ರಸ ಕೆಲವು ಗಂಟೆ ಕಳೆದ ಮೇಲೆ ಕಹಿಯಾಗುತ್ತದೆ. ಹೀಗಾಗಿ ರಸವನ್ನು ಹಾಲಿಲ್ಲದೆ, ಕಡಲಕಳೆಯಿಂದ ತೆಗೆದ ಅಗರ್ ಅಗರ್ ಹಾಕಿ ಹೆಪ್ಪುಗಟ್ಟಿಸುವುದು ಒಳ್ಳೆಯದು: ಅರ್ಧ ಲೀಟರ್ ಸೋಸಿದ ರಸಕ್ಕೆ 3 ಗ್ರಾಂ ಪುಡಿ, ಅಂದರೆ ಒಂದು ಚಿಕ್ಕ ಚಮಚ ಮಟ್ಟಸವಾಗಿ. ಪುಡಿಯನ್ನು ಕಾಲುಭಾಗ ರಸದಲ್ಲಿ ಎರಡು ನಿಮಿಷ ಕುದಿಸಿ, ಉಳಿದ ರಸವನ್ನು ತುಸು ಬೆಚ್ಚಗೆ ಮಾಡಿಕೊಂಡು ಅದಕ್ಕೆ ಬೆರೆಸಿ. ಇಲ್ಲಿ ಕೈಯಂದಾಜು ಸಲ್ಲದು. ನಾನು ಮದುವೆಯಾದ ಹೊಸತರಲ್ಲಿ ಅಗರ್ ಎಳೆಗಳನ್ನು ಒಂದು ಮುಷ್ಟಿ ಹಾಕಿ ಹಬ್ಬಕ್ಕೆ ಇಂಥ ಬಟ್ಟಲುಗಳನ್ನು ಮಾಡಿದ್ದೆ. ಚಮಚ ಇಳಿಯದ್ದನ್ನು ನೋಡಿ, ಕೊಡವ ಗಂಡಸರ ನಿಲುವಂಗಿಯಾದ ಕುಪ್ಯ ತೊಟ್ಟು ಕುಳಿತಿದ್ದ ಮಾವನವರು ಏನೂ ಮಾತಾಡದೆ ಸೊಂಟದ ಪೀಚೆಕತ್ತಿಯ (ಚಿಕ್ಕ ಬಾಕು) ಮೇಲೆ ಕೈಯಿಟ್ಟರು. ಆ ನಗು ಮನೆಯಲ್ಲಿ ಇನ್ನೂ ನಿಂತಿಲ್ಲ. ಅಗರ್ ಬದಲು ಜೆಲಟಿನ್ ಬಳಸುವವರು ಅದು ಪ್ರಾಣಿಮೂಲದ್ದೆಂಬುದನ್ನು ಮರೆಯಬಾರದು. ಹಸಿ ಅನಾನಸು ಮತ್ತು ಪಪ್ಪಾಯಿಯ ಕಿಣ್ವಗಳು ಅದನ್ನು ಹೆಪ್ಪುಗಟ್ಟಲು ಬಿಡುವುದೂ ಇಲ್ಲ.

ಇನ್ನು ಹುತ್ತರಿಗೆ ಬರೋಣ. ಅಂದು ಐನ್‌ಮನೆಯಲ್ಲಿ ಹೊಸಕ್ಕಿ ಪಾಯಸವೂ, ಹುರಿದ ಅಕ್ಕಿಯ ಪುಡಿಯನ್ನು ಬಾಳೆಹಣ್ಣಿನೊಂದಿಗೆ ಕಲಸಿದ ತಂಬುಟ್ಟೂ ಇದ್ದೇ ಇರುತ್ತವೆ. ಅವುಗಳ ಎದುರಿಗೆ ಇನ್ನೊಂದು ಸಿಹಿಯನ್ನು ಇಟ್ಟು ಆ ರಾತ್ರಿಯೇ ತಿನ್ನಿರೆಂದು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ. ನಿಮ್ಮ ಉಡುಗೊರೆ ಮರುದಿನ ಬೆಳಿಗ್ಗೆ ಹೊರಡುವವರ ಚೀಲದಲ್ಲಿ ಹೋಗುವಂಥದ್ದಾಗಿರಲಿ. ಹಾಗಾಗಿ ನನ್ನ ಮೊದಲ ಸಲಹೆ, ಒಬ್ಬೊಬ್ಬರಿಗೂ ಒಂದೊಂದು ಪಾಲು ತಂಬುಟ್ಟಿನ ಪುಡಿಯನ್ನು ಕಟ್ಟಿಕೊಡುವುದು. ಕಲಸಿದ ತಂಬುಟ್ಟನ್ನು ಕೊಟ್ಟರೆ ಬಾಳೆಹಣ್ಣು ಗಾಳಿಗೆ ಕಪ್ಪಾಗಿ, ಸಂಜೆಯೊಳಗೆ ನೀರೊಡೆದು, ಹುಳಿಯುತ್ತದೆ. ಪುಡಿಯಾಗಿ ಕೊಟ್ಟರೆ ಬೆಂಗಳೂರಿನ ಮನೆಯಲ್ಲಿ ಅವರಿಗೆ ಬೇಕಾದ ದಿನ, ಬೇಕಾದ ಹೊತ್ತಿಗೆ, ಐದು ನಿಮಿಷದಲ್ಲಿ ಹೊಸತಾಗಿ ಸಿದ್ಧವಾಗುತ್ತದೆ.

ಅರ್ಧ ಕೆಜಿ ಕುಸುಬಲಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಕೈಗೆ ತೇವ ತಾಗದಷ್ಟು ಆರಿಸಿ. ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಕಾಳು ಉಬ್ಬಿ ಹೊಂಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ. ಒಂದೇ ಸಲ ಎಲ್ಲವನ್ನೂ ಸುರಿದರೆ ಕೆಳಗಿನದು ಸೀದು ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಒಂದು ಚಿಕ್ಕ ಚಮಚ ಮೆಂತ್ಯವನ್ನು ಬೇರೆಯಾಗಿ, ಕೆಂಪಾಗುವಷ್ಟೇ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ. ಹತ್ತು ಏಲಕ್ಕಿಯ ಕಾಳನ್ನು ಸೇರಿಸಿ ನುಣ್ಣಗೆ ಬೀಸಿ, ಜರಡಿ ಹಿಡಿದು, ಅಗಲವಾದ ತಟ್ಟೆಯಲ್ಲಿ ಸಂಪೂರ್ಣ ಆರಲು ಬಿಡಿ. ಬೀಸಿದ ಪುಡಿ ಬಿಸಿಯಿರುವಾಗಲೇ ಡಬ್ಬಿಗೆ ಹೋದರೆ ಒಳಗೆ ಹಬೆ ಕಟ್ಟಿ ಗಂಟಾಗುತ್ತದೆ, ವಾರ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಒಬ್ಬರಿಗೆ 50 ಗ್ರಾಂ ಎಂದರೆ 22 ಜನಕ್ಕೆ ಒಂದು ಕಿಲೋ ನೂರು ಗ್ರಾಂ ಪುಡಿ ಬೇಕು. ಹುರಿಯುವುದರಲ್ಲಿ ಜರಡಿಯಲ್ಲಿ ಕಳೆದುಹೋಗುವುದನ್ನು ಸೇರಿಸಿ ಒಂದೂಕಾಲು ಕಿಲೋ ಅಕ್ಕಿಯಿಂದ ಆರಂಭಿಸಿ. ಮೆಂತ್ಯ ಏಲಕ್ಕಿಯನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ಪ್ರತಿ ಪೊಟ್ಟಣದ ಜೊತೆ ಹುರಿದ ಎಳ್ಳು ಒಂದು ಚಮಚ, ಒಣಕೊಬ್ಬರಿಯ ತುರಿ ಎರಡು ಚಮಚ, ಪುಟ್ಟ ಡಬ್ಬಿಯಲ್ಲಿ ತುಪ್ಪ. ಹಸಿ ತೆಂಗಿನ ತುರಿಯನ್ನು ಕಟ್ಟಿಕೊಡಬೇಡಿ, ಅದು ಒಂದು ದಿನವೂ ತಾಳುವುದಿಲ್ಲ. ಸಾಧ್ಯವಾದರೆ ಒಂದು ಮರಬಾಳೆ ಹಣ್ಣು, ಪೂರ್ತಿ ಕಳಿಯದೆ ಎರಡು ದಿನಕ್ಕೆ ಹದವಾಗುವಂಥದ್ದು. ಚೀಟಿಯಲ್ಲಿ ಇಷ್ಟು ಬರೆದರೆ ಸಾಕು: ಹಣ್ಣನ್ನು ಕೈಯಲ್ಲಿ ಚೆನ್ನಾಗಿ ಕಿವುಚಿ, ಹಿಡಿಯುವಷ್ಟು ಪುಡಿ ಹಾಕಿ ಕಲಸಿ, ಮೇಲೆ ಎಳ್ಳು ಕೊಬ್ಬರಿ ಉದುರಿಸಿ, ತುಪ್ಪ ಹಾಕಿ ತಿನ್ನುವುದು. ಗಾಳಿಯಾಡದ ಪೊಟ್ಟಣದಲ್ಲಿ ಈ ಪುಡಿ ಮೂರು ವಾರ ಧಾರಾಳವಾಗಿ ಇರುತ್ತದೆ.

ಒಬ್ಬೊಬ್ಬರಿಗೊಂದು ಪಾಲು ಸಿಹಿ ಎಂಬುದು ನಮಗೆ ಹೊಸದೇನೂ ಅಲ್ಲ. ಹಲಸು ಅಥವಾ ಬಾಳೆಹಣ್ಣನ್ನು ಅಕ್ಕಿತರಿ, ಏಲಕ್ಕಿ, ತೆಂಗಿನೊಂದಿಗೆ ಕಲಸಿ ಕೂವಲೆ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸುವ ಕೂವಲೆಪುಟ್ಟು ಮೊದಲಿನಿಂದಲೂ ಹಾಗೆಯೇ ಇದೆ, ಎಲೆಯೇ ಅದರ ಬಟ್ಟಲು. ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನೆಂಟರಿಗೆ ಬೆಳಿಗ್ಗೆ ಮಾಡಿ ಮಧ್ಯಾಹ್ನದೊಳಗೆ ತಲುಪಿಸುವುದಾದರೆ ಇದಕ್ಕಿಂತ ಚೆಂದದ ಉಡುಗೊರೆ ನನಗೆ ತೋಚುವುದಿಲ್ಲ. ದೂರದವರಿಗೆ ಬೇಡ.

ರಜೆ ಮುಗಿಸಿ ಮೈಸೂರು, ಬೆಂಗಳೂರಿಗೆ ಮರಳುವವರ ಕೈಗೆ ಕೊಡಲು ಒಣಹಣ್ಣಿನ ಚಿಕ್ಕ ಕೇಕುಗಳು ಸೂಕ್ತ. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 250, ಎಲ್ಲವೂ ರಸ್ತೆಯ ತಿರುವುಗಳಲ್ಲೇ. ಆ ಕುಲುಕಾಟವನ್ನೂ ಕಾರಿನೊಳಗಿನ ಬಿಸಿಲನ್ನೂ ತಾಳುವುದು ನೀರಿನಂಶ ಕಡಿಮೆಯಿರುವ, ಸಕ್ಕರೆಯಂಶ ಹೆಚ್ಚಿರುವ ಪದಾರ್ಥ ಮಾತ್ರ. ಇರುವ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ಸಿಗುವುದಿಲ್ಲ. ಬೆಣ್ಣೆ 200 ಗ್ರಾಂ, ಪುಡಿಬೆಲ್ಲ 200 ಗ್ರಾಂ, ಮೊಟ್ಟೆ 4, ಮೈದಾ 225 ಗ್ರಾಂ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ದ್ರಾಕ್ಷಿ ಖರ್ಜೂರ ಮತ್ತು ಸಕ್ಕರೆಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ ಎಲ್ಲ ಸೇರಿ 400 ಗ್ರಾಂ. ಇಷ್ಟಕ್ಕೆ ಚಿಕ್ಕವು ಹನ್ನೆರಡು ಆಗುತ್ತವೆ. ಹಣ್ಣನ್ನು ಮನೆಯ ವೈನಿನಲ್ಲಿ ನೆನೆಸುವ ರೂಢಿ ನಮ್ಮಲ್ಲಿ ಉಂಟು. ಮಕ್ಕಳಿಗೂ ಕುಡಿಯದವರಿಗೂ ಕೊಡುವುದಾದರೆ ಅದರ ಬದಲು ಕಡು ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿ. 150 ಡಿಗ್ರಿಯಲ್ಲಿ ನಲವತ್ತು ನಿಮಿಷ ಬೇಯಿಸಿ, ಕಡ್ಡಿ ಚುಚ್ಚಿ ನೋಡಿ, ಪೂರ್ತಿ ತಣಿದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಹತ್ತು ದಿನ ನಿಶ್ಚಿಂತೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಾಜಿನ ಜಾಡಿಯೊಳಗೇ ಕೇಕನ್ನು ಬೇಯಿಸಿ, ಬಿಸಿಯಾಗಿರುವಾಗಲೇ ಬಿಗಿಯಾಗಿ ಮುಚ್ಚಿ, ತಿಂಗಳುಗಟ್ಟಲೆ ಇಡುವ ಒಂದು ಪದ್ಧತಿ ಇತ್ತೀಚೆಗೆ ಕಾಣಿಸುತ್ತಿದೆ. ದಯವಿಟ್ಟು ಅದನ್ನು ಅನುಸರಿಸಬೇಡಿ. ಕೇಕಿನ ಒಳಭಾಗ ಹಸಿಯಾಗಿರುತ್ತದೆ, ಹುಳಿಯಂಶ ಇರುವುದಿಲ್ಲ, ಮುಚ್ಚಳ ಬಿಗಿದ ಮೇಲೆ ಗಾಳಿಯೂ ಇಲ್ಲ. ಬಾಟುಲಿಸಂ ಎಂಬ ಮಾರಕ ಕಾಯಿಲೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವುದು ಇಂಥ ಕಡೆಯೇ. ಅದೇ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲೂ ಇರಬಹುದಾದ್ದರಿಂದ, ಕೊಡಗಿನ ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷ ತುಂಬದ ಕೂಸಿಗೆ ಜೇನು ಹಾಕಿದ ಯಾವ ಸಿಹಿಯನ್ನೂ ನೆಕ್ಕಿಸಬಾರದು.

ಎಳ್ಳುಂಡೆಯಂಥ ಪಾಕದ ಸಿಹಿ ಮಾಡುವವರಿಗೆ ಒಂದು ಮಾತು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಇಟ್ಟು ಪುಸ್ತಕದಲ್ಲಿ ಹೇಳಿದ 118 ಡಿಗ್ರಿಯವರೆಗೆ ಪಾಕವನ್ನು ಕಾಯಿಸಿದರೆ, ಅದು ಬೇಕಾದ ಹದವನ್ನು ದಾಟಿ ಕಲ್ಲಾಗಿರುತ್ತದೆ; 4 ಡಿಗ್ರಿ ಕಳೆದುಕೊಳ್ಳಬೇಕು. ನಿಮ್ಮ ಗೋಣಿಕೊಪ್ಪಲು ತಗ್ಗಿನಲ್ಲಿರುವುದರಿಂದ ಮೂರು ಕಳೆದರೆ ಸಾಕು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡುವ ನಮ್ಮ ಅಜ್ಜಿಯರ ಉಂಡೆಪಾಕದ ಪರೀಕ್ಷೆಗೆ ಈ ತೊಡಕಿಲ್ಲ.

ಅತ್ತೆಯವರ ವಿಚಾರ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಬಲವಾಗಿದೆ, ಆದರೆ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಜೇನೂ ಹಾಗೆಯೇ. ತಂಬುಟ್ಟಿನಲ್ಲಿ ಸಕ್ಕರೆ ಬೆರೆಸದಿದ್ದರೂ ಅಕ್ಕಿ ಮತ್ತು ಕಳಿತ ಬಾಳೆಹಣ್ಣು ಇರುವುದರಿಂದ ಅದನ್ನೂ ನಿರಪಾಯವೆಂದು ತಿಳಿಯಬಾರದು. ಅವರಿಗೆ ಮಾಡಬಹುದಾದ ಪ್ರಾಮಾಣಿಕ ಕೆಲಸವೆಂದರೆ ಪಾಲನ್ನು ಚಿಕ್ಕದು ಮಾಡುವುದು: 120 ಮಿಲಿಲೀಟರಿನ ಬದಲು 60ರ ಬಟ್ಟಲು, ಕ್ಯಾರಮೆಲ್ ಇಲ್ಲದ, ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದ ಏಲಕ್ಕಿ ಕಸ್ಟರ್ಡ್. ಸಕ್ಕರೆ ಕಡಿಮೆಯಾದಾಗ ಮೊಟ್ಟೆ ಬೇಗ ಹೆಪ್ಪುಗಟ್ಟುತ್ತದೆ, ಬಟ್ಟಲೂ ಚಿಕ್ಕದು, ಆದ್ದರಿಂದ ಅದನ್ನು ಹನ್ನೆರಡು ನಿಮಿಷಕ್ಕೇ ಪರೀಕ್ಷಿಸಿ. ಎಲ್ಲರಿಗೂ ಕೊಡುವಾಗ ಅವರಿಗೂ ಅದೇ ಬಣ್ಣದ ದಾರ ಕಟ್ಟಿದ, ಅದೇ ತರಹದ ಬಟ್ಟಲು ಸಿಗಲಿ. ಪಾಲು ಬೇರೆ ಬೇರೆಯಾಗಿ ಕಟ್ಟುವುದರ ಅನುಕೂಲವೇ ಇದು, ಯಾರ ಬಟ್ಟಲಿನಲ್ಲಿ ಏನು ಕಡಿಮೆ ಎಂದು ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಚೀಟಿಯ ಮೇಲೆ ಮಾಡಿದ ದಿನ, ತಿಂದು ಮುಗಿಸಬೇಕಾದ ದಿನ, ಮೊಟ್ಟೆ, ಗೋಡಂಬಿ, ಎಳ್ಳು, ವೈನ್ ಇವುಗಳಲ್ಲಿ ಇರುವುದನ್ನು ಬರೆಯಿರಿ. ಪೊಟ್ಟಣಗಳನ್ನು 22ರ ಬದಲು 24 ಕಟ್ಟಿ, ಅದಕ್ಕೆ ತಕ್ಕಂತೆ ಅಕ್ಕಿಯನ್ನೂ ತುಸು ಹೆಚ್ಚಿಸಿಕೊಳ್ಳಿ. ಒಂದನ್ನು ಹುತ್ತರಿಗೆ ಎರಡು ದಿನ ಮೊದಲೇ ಬಿಚ್ಚಿ, ಚೀಟಿಯಲ್ಲಿ ಬರೆದಂತೆಯೇ ನೀವೇ ಕಲಸಿ ತಿಂದು ನೋಡಿ. ಪುಡಿ ಒರಟೆನಿಸಿದರೆ ಇನ್ನೊಮ್ಮೆ ಜರಡಿ ಹಿಡಿಯಲು ಆಗ ಸಮಯವಿರುತ್ತದೆ. ಇನ್ನೊಂದು, ಹೇಳದೆ ಬರುವ ನೆಂಟರಿಗೆ.